ಬೆನ್ನುಮೂಳೆಯ ಉರಿಯೂತದ ಆರಂಭದ ವರ್ಷಗಳು: ದಿನಚರಿಯಲ್ಲಿ ಮೊದಲು ಏನನ್ನು ಬದಲಿಸಬೇಕು

ಇಪ್ಪತ್ತು ಮೂವತ್ತರ ವಯಸ್ಸಿನಲ್ಲಿ ಬೆನ್ನು ನೋವು ಬಂದರೆ ಕುಳಿತ ಭಂಗಿ, ಹಾಸಿಗೆ ಅಥವಾ ಎತ್ತಿದ ಭಾರವೇ ಕಾರಣವೆಂದುಕೊಳ್ಳುವುದು ಸಹಜ, ಮತ್ತು ಬಹಳಷ್ಟು ಸಂದರ್ಭಗಳಲ್ಲಿ ಆ ಊಹೆ ಸರಿಯಾಗಿಯೇ ಇರುತ್ತದೆ. ಆದರೆ ಒಂದು ಬಗೆಯ ನೋವು ಈ ಲೆಕ್ಕಕ್ಕೆ ಸಿಗುವುದಿಲ್ಲ. ಅದು ಯಾವಾಗ ಶುರುವಾಯಿತೆಂದೇ ತಿಳಿಯದಂತೆ ನಿಧಾನವಾಗಿ ಆರಂಭವಾಗಿ ಮೂರು ತಿಂಗಳನ್ನೂ ಮೀರಿ ಉಳಿಯುತ್ತದೆ. ರಾತ್ರಿಯ ಎರಡನೇ ಭಾಗದಲ್ಲಿ ನಿದ್ದೆಯಿಂದ ಎಬ್ಬಿಸುತ್ತದೆ. ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗೂ ಹೆಚ್ಚು ಹೊತ್ತು ಸೊಂಟ ಹಿಡಿದುಕೊಂಡಿರುತ್ತದೆ. ಪೃಷ್ಠದ ಆಳದಲ್ಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ನೋವು ಕಾಣಿಸುತ್ತದೆ. ಓಡಾಡಿದರೆ ಸಡಿಲವಾಗುವ, ವಿಶ್ರಾಂತಿ ತೆಗೆದುಕೊಂಡರೆ ಕಡಿಮೆಯಾಗದ ಇಂಥ ನೋವು 45 ವರ್ಷಕ್ಕಿಂತ ಮೊದಲು ಆರಂಭವಾಗಿದ್ದರೆ, ಅದು ಆಕ್ಸಿಯಲ್ ಸ್ಪಾಂಡಿಲೋಆರ್ಥ್ರೈಟಿಸ್ ಎಂಬ ಉರಿಯೂತದ ಸಂಧಿವಾತವಾಗಿರಬಹುದು. ಎಕ್ಸ್‌ರೇಯಲ್ಲಿ ಸೊಂಟದ ಸ್ಯಾಕ್ರೊಇಲಿಯಾಕ್ ಕೀಲುಗಳ ಹಾನಿ ಸ್ಪಷ್ಟವಾಗಿ ಕಾಣಿಸಿಕೊಂಡ ಮೇಲೆ ಇದೇ ಕಾಯಿಲೆಯನ್ನು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂದು ಕರೆಯುತ್ತಾರೆ.

ಈ ಬರಹ ಅಂಥ ರೋಗನಿರ್ಣಯವನ್ನು ಈಚೆಗೆ ಪಡೆದವರಿಗಾಗಿ, ಇಲ್ಲವೇ ತಜ್ಞ ವೈದ್ಯರ ಪರೀಕ್ಷೆಯ ಹಂತದಲ್ಲಿರುವವರಿಗಾಗಿ. ಆರಂಭದ ವರ್ಷಗಳ ಬಗ್ಗೆಯೇ ಒತ್ತಿ ಬರೆಯಲು ಕಾರಣವಿದೆ. ಉರಿಯೂತವನ್ನು ಔಷಧದಿಂದ ತಗ್ಗಿಸಬಹುದು. ಆದರೆ ಉರಿಯೂತ ಆರಿದ ಜಾಗದಲ್ಲಿ ದೇಹವು ಹೊಸ ಎಲುಬನ್ನು ಬೆಳೆಸಿ, ಬೆನ್ನೆಲುಬಿನ ಎರಡು ಮಣಿಗಳ ನಡುವೆ ಸೇತುವೆ ಕಟ್ಟಿಬಿಟ್ಟರೆ ಅದನ್ನು ಕರಗಿಸುವ ಔಷಧ ಇಂದಿಗೂ ಇಲ್ಲ. ಎಲ್ಲರಲ್ಲಿಯೂ ಹಾಗೆ ಆಗುವುದಿಲ್ಲ, ಎಷ್ಟೋ ಜನರಲ್ಲಿ ಕಾಯಿಲೆ ಎಕ್ಸ್‌ರೇಯಲ್ಲಿ ಕಾಣಿಸುವ ಹಂತವನ್ನು ತಲುಪುವುದೇ ಇಲ್ಲ. ಆದರೂ ಯಾರ ಕಾಯಿಲೆ ಯಾವ ದಾರಿ ಹಿಡಿಯುತ್ತದೆ ಎಂಬುದರಲ್ಲಿ ವಂಶವಾಹಿ, ಲಿಂಗ ಮುಂತಾದ ನಮ್ಮ ಕೈಯಲ್ಲಿಲ್ಲದ ಅಂಶಗಳ ಜೊತೆಗೆ, ನಮ್ಮ ಕೈಯಲ್ಲಿರುವ ಕೆಲವು ಅಂಶಗಳೂ ಪಾತ್ರ ವಹಿಸುತ್ತವೆ. ಆ ಕೆಲವು ಅಂಶಗಳೆಲ್ಲ ಒಂದೇ ತೂಕದವಲ್ಲ. ಹೊಸದಾಗಿ ಕಾಯಿಲೆ ಗೊತ್ತಾದವರು ಸಾಮಾನ್ಯವಾಗಿ ಆಹಾರದಿಂದ ಆರಂಭಿಸಿ, ವ್ಯಾಯಾಮವನ್ನು ಮುಂದಕ್ಕೆ ಹಾಕಿ, ಸಿಗರೇಟಿನ ಮಾತನ್ನು ಕೊನೆಗೆ ಎತ್ತಿಕೊಳ್ಳುತ್ತಾರೆ. ಸಾಕ್ಷ್ಯಗಳು ಸೂಚಿಸುವ ಕ್ರಮ ಇದಕ್ಕೆ ಬಹುತೇಕ ತಿರುಗುಮುರುಗು. ನಾನು ಆ ಕ್ರಮದಲ್ಲೇ ಬರೆಯುತ್ತೇನೆ.

ಮೊದಲು ಎರಡು ವಾರದ ದಾಖಲೆ

ಯಾವುದನ್ನೇ ಬದಲಿಸುವ ಮೊದಲು ಈಗಿನ ಸ್ಥಿತಿಯನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಈ ಕಾಯಿಲೆ ತಾನಾಗಿಯೇ ಏರಿಳಿಯುತ್ತದೆ ಮತ್ತು ನೆನಪನ್ನು ನಂಬಿದರೆ ಯಾವುದು ಫಲ ಕೊಟ್ಟಿತು ಎಂಬುದು ಗೊತ್ತಾಗುವುದಿಲ್ಲ. ವೈದ್ಯರು ಬಳಸುವ ಬಾಸ್‌ಡಾಯ್ ಎಂಬ ಪ್ರಶ್ನಾವಳಿಯನ್ನು ಇಂಗ್ಲೆಂಡಿನ ಬಾತ್ ನಗರದಲ್ಲಿ ರೂಪಿಸಿ 1994ರಲ್ಲಿ ಪ್ರಕಟಿಸಲಾಯಿತು. ಅದನ್ನು ಮನೆಯಲ್ಲೇ ತುಂಬಬಹುದು. ಕಳೆದ ಒಂದು ವಾರದ ದಣಿವು, ಕುತ್ತಿಗೆ ಬೆನ್ನು ಸೊಂಟಗಳ ನೋವು, ಇತರ ಕೀಲುಗಳ ನೋವು ಅಥವಾ ಊತ, ಮುಟ್ಟಿದರೆ ಒತ್ತಿದರೆ ನೋಯುವ ಜಾಗಗಳ ಬಾಧೆ, ಬೆಳಗಿನ ಬಿಗಿತದ ತೀವ್ರತೆ, ಬಿಗಿತ ಇರುವ ಅವಧಿ, ಹೀಗೆ ಆರು ವಿಷಯಗಳಿಗೆ 0ಯಿಂದ 10ರವರೆಗೆ ಅಂಕ ಕೊಡಬೇಕು. ಅವಧಿಗೆ ಅಂಕ ಕೊಡುವಾಗ 0 ಎಂದರೆ ಬಿಗಿತವೇ ಇಲ್ಲ, 10 ಎಂದರೆ ಎರಡು ಗಂಟೆ ಅಥವಾ ಅದಕ್ಕಿಂತ ಹೆಚ್ಚು. ಕೊನೆಯ ಎರಡು ಅಂಕಗಳ ಸರಾಸರಿ ತೆಗೆದು, ಅದನ್ನು ಮೊದಲ ನಾಲ್ಕು ಅಂಕಗಳಿಗೆ ಕೂಡಿಸಿ, ಮೊತ್ತವನ್ನು 5ರಿಂದ ಭಾಗಿಸಿದರೆ ನಿಮ್ಮ ಅಂಕ ಸಿಗುತ್ತದೆ. 4 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಕಾಯಿಲೆ ಸಕ್ರಿಯವಾಗಿದೆ ಎಂದು ಪರಿಗಣಿಸುವುದು ವಾಡಿಕೆ.

ಇದರ ಜೊತೆಗೆ ಎರಡು ಅಳತೆಗಳನ್ನು ತೆಗೆದುಕೊಳ್ಳಿ. ಹಿಮ್ಮಡಿ ಮತ್ತು ಬೆನ್ನನ್ನು ಗೋಡೆಗೆ ತಾಗಿಸಿ ನೇರವಾಗಿ ನಿಂತು, ಗದ್ದವನ್ನು ಮೇಲಕ್ಕೆತ್ತದೆ ತಲೆಯ ಹಿಂಭಾಗ ಗೋಡೆಯನ್ನು ಮುಟ್ಟುತ್ತದೆಯೇ ಎಂದು ನೋಡಿ. ಮುಟ್ಟದಿದ್ದರೆ ಅಂತರ ಎಷ್ಟು ಸೆಂಟಿಮೀಟರ್ ಎಂದು ಮತ್ತೊಬ್ಬರಿಂದ ಅಳೆಯಿಸಿ. ಎರಡನೆಯದಾಗಿ, ಎದೆಯ ಸುತ್ತ ಅಳತೆಪಟ್ಟಿ ಸುತ್ತಿ, ಉಸಿರನ್ನು ಪೂರ್ತಿ ಹೊರಬಿಟ್ಟಾಗ ಮತ್ತು ಪೂರ್ತಿ ಒಳಗೆಳೆದಾಗ ಬರುವ ವ್ಯತ್ಯಾಸವನ್ನು ಬರೆದಿಡಿ. ಆ ವ್ಯತ್ಯಾಸ 2.5 ಸೆಂಟಿಮೀಟರ್‌ಗಿಂತ ಕಡಿಮೆಯಿದ್ದರೆ ಪಕ್ಕೆಲುಬಿನ ಕೀಲುಗಳು ಬಿಗಿಯುತ್ತಿವೆ ಎಂದು ಶಂಕಿಸಬೇಕಾಗುತ್ತದೆ. ಆರಂಭದ ಹಂತದಲ್ಲಿ ಈ ಎರಡೂ ಸಾಮಾನ್ಯವಾಗಿಯೇ ಇರಬಹುದು, ಇರಲಿ ಎಂಬುದೇ ಆಸೆ; ಮುಂದೆ ಹೋಲಿಸಿ ನೋಡಲು ಇಂದಿನ ಅಂಕಿ ಬೇಕು ಎಂಬ ಕಾರಣಕ್ಕೆ ಅಳೆಯುವುದು. ಮೂರು ತಿಂಗಳಿಗೊಮ್ಮೆ ಅಳೆದರೆ ಸಾಕು. ದಿನವೂ ಅಳೆಯುವುದರಿಂದ ಆತಂಕ ಹೆಚ್ಚುವುದಲ್ಲದೆ ಬೇರೆ ಪ್ರಯೋಜನವಿಲ್ಲ.

ಸಿಗರೇಟ್

ಈ ಕಾಯಿಲೆಯಿರುವ ಧೂಮಪಾನಿಯೊಬ್ಬರು ನನ್ನನ್ನು ಒಂದೇ ಒಂದು ಸಲಹೆ ಕೇಳಿದರೆ, ಸಿಗರೇಟ್ ಬಿಡಿ ಎಂದಷ್ಟೇ ಹೇಳಿ ಸುಮ್ಮನಾಗುತ್ತೇನೆ. ಶ್ವಾಸಕೋಶ ಮತ್ತು ಹೃದಯದ ಕಾರಣಕ್ಕೆ ಎಲ್ಲರಿಗೂ ಹೇಳುವ ಮಾತು ಇದು ಎಂದು ಇದನ್ನು ದಾಟಿ ಮುಂದೆ ಹೋಗಬೇಡಿ. ಬೆನ್ನುಮೂಳೆಗೆ ಸಂಬಂಧಿಸಿದಂತೆ ಇದಕ್ಕೆ ಪ್ರತ್ಯೇಕವಾದ ಸಾಕ್ಷ್ಯವಿದೆ. ಫ್ರಾನ್ಸಿನಲ್ಲಿ ಉರಿಯೂತದ ಬೆನ್ನುನೋವು ಆಗಷ್ಟೇ ಆರಂಭವಾಗಿದ್ದವರನ್ನು ಹಲವು ವರ್ಷ ಹಿಂಬಾಲಿಸಿದ ದೆಸಿರ್ ಎಂಬ ಅಧ್ಯಯನವಿದೆ. ಅದರ 600ಕ್ಕೂ ಹೆಚ್ಚು ರೋಗಿಗಳ ಮಾಹಿತಿಯನ್ನು ವಿಶ್ಲೇಷಿಸಿ 2012ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಧೂಮಪಾನಿಗಳಲ್ಲಿ ಬೆನ್ನುನೋವು ಉಳಿದವರಿಗಿಂತ ಸುಮಾರು ಒಂದೂವರೆ ವರ್ಷ ಮೊದಲೇ ಶುರುವಾಗಿತ್ತು. ಕಾಯಿಲೆಯ ತೀವ್ರತೆ ಹೆಚ್ಚಿತ್ತು. ಎಂಆರ್‌ಐಯಲ್ಲಿ ಸ್ಯಾಕ್ರೊಇಲಿಯಾಕ್ ಕೀಲು ಮತ್ತು ಬೆನ್ನುಮೂಳೆ ಎರಡರಲ್ಲಿಯೂ ಉರಿಯೂತ ಹೆಚ್ಚು ಮಂದಿಯಲ್ಲಿ ಕಂಡುಬಂದಿತ್ತು. ಎಲುಬಿನ ರಚನೆಗೆ ಆದ ಹಾನಿಯೂ ಹೆಚ್ಚಾಗಿತ್ತು. ಕಾಯಿಲೆ ಬಲಿತು ದಶಕಗಳಾದವರಲ್ಲಿ ಅಲ್ಲ, ಆಗಷ್ಟೇ ಆರಂಭವಾದವರಲ್ಲಿ ಈ ವ್ಯತ್ಯಾಸ ಕಂಡಿತು ಎಂಬುದನ್ನು ಗಮನಿಸಬೇಕು.

ಜರ್ಮನಿಯ ಗೆಸ್ಪಿಕ್ ಅಧ್ಯಯನ ಇನ್ನೊಂದು ಪ್ರಶ್ನೆಗೆ ಉತ್ತರ ಕೊಟ್ಟಿತು. ಎರಡು ವರ್ಷಗಳ ಅಂತರದಲ್ಲಿ ತೆಗೆದ ಎಕ್ಸ್‌ರೇಗಳನ್ನು ಹೋಲಿಸಿದಾಗ, ಬೆನ್ನೆಲುಬಿನ ಹಾನಿ ಮುಂದುವರಿಯುವ ಸಾಧ್ಯತೆ ಧೂಮಪಾನಿಗಳಲ್ಲಿ ಹೆಚ್ಚಾಗಿದ್ದು, ದಿನಕ್ಕೆ 10ಕ್ಕಿಂತ ಹೆಚ್ಚು ಸಿಗರೇಟ್ ಸೇದುವವರಲ್ಲಿ ಅದು ಇನ್ನೂ ಬಲವಾಗಿತ್ತು. ಪ್ರಮಾಣ ಏರಿದಂತೆ ಹಾನಿಯೂ ಏರುವುದು ಸಂಬಂಧ ಕೇವಲ ಕಾಕತಾಳೀಯವಲ್ಲ ಎಂಬುದರ ಮುಖ್ಯ ಸೂಚನೆಗಳಲ್ಲೊಂದು. ಸೇದುವ ಸಂಖ್ಯೆಯನ್ನು ಇಳಿಸುವುದರಿಂದಲೂ ಸ್ವಲ್ಪ ಲಾಭವಿರಬಹುದೆಂದು ಇದನ್ನು ಓದಬಹುದಾದರೂ, ಸಂಖ್ಯೆ ಇಳಿಸಿದವರು ಪ್ರತಿ ಸಿಗರೇಟನ್ನು ಆಳವಾಗಿ ಎಳೆದು ನಿಕೋಟಿನ್ ಕೊರತೆಯನ್ನು ತುಂಬಿಕೊಳ್ಳುವುದು ಸಾಮಾನ್ಯ. ಆದ್ದರಿಂದ ಇಳಿಸುವುದನ್ನು ಬಿಡುವ ದಾರಿಯ ಮೆಟ್ಟಿಲಾಗಿ ಮಾತ್ರ ನೋಡಬೇಕು. ಔಷಧದ ವಿಷಯದಲ್ಲಿಯೂ ಇದೇ ಕಥೆ. ಡೆನ್ಮಾರ್ಕ್‌ನ ಸಂಧಿವಾತ ರೋಗಿಗಳ ರಾಷ್ಟ್ರೀಯ ನೋಂದಣಿಯ ಮಾಹಿತಿಯಲ್ಲಿ, ಉರಿಯೂತ ಹೆಚ್ಚಿಸುವ ಟಿಎನ್‌ಎಫ್ ಎಂಬ ಪ್ರೋಟೀನನ್ನು ತಡೆಯುವ ಟಿಎನ್‌ಎಫ್ ಪ್ರತಿಬಂಧಕ ಎಂಬ ಜೈವಿಕ ಔಷಧಗಳಿಗೆ ಧೂಮಪಾನಿಗಳ ಸ್ಪಂದನೆ ಎಂದೂ ಸೇದದವರಿಗಿಂತ ಕಡಿಮೆಯಿತ್ತು ಮತ್ತು ಅವರು ಔಷಧವನ್ನು ಬೇಗ ನಿಲ್ಲಿಸುತ್ತಿದ್ದರು. ಉರಿಯೂತ ತಗ್ಗಿಸುವ ಜ್ಯಾಕ್ ಪ್ರತಿಬಂಧಕಗಳೆಂಬ ಮಾತ್ರೆಗಳನ್ನಂತೂ, ಹೃದಯಾಘಾತ ಮತ್ತು ಕ್ಯಾನ್ಸರ್‌ನ ಅಪಾಯದ ಕಾರಣ, ದೀರ್ಘಕಾಲ ಧೂಮಪಾನ ಮಾಡಿದವರಿಗೆ ಬೇರೆ ಆಯ್ಕೆಯಿಲ್ಲದಿದ್ದರೆ ಮಾತ್ರ ಕೊಡಬೇಕೆಂದು ಯುರೋಪಿನ ಔಷಧ ನಿಯಂತ್ರಕರು ಎಚ್ಚರಿಸಿದ್ದಾರೆ. ಅಂದರೆ ಸಿಗರೇಟ್ ಕಾಯಿಲೆಯನ್ನು ಹೆಚ್ಚಿಸುವುದರ ಜೊತೆಗೆ, ಅದಕ್ಕೆ ಇರುವ ಮದ್ದುಗಳ ಆಯ್ಕೆಯನ್ನೂ ಕಿರಿದಾಗಿಸುತ್ತದೆ.

ಬಿಡುವುದು ಹೇಗೆ? ಮನೋಬಲ ಒಂದನ್ನೇ ನೆಚ್ಚಿಕೊಂಡು ಬಿಡಲು ಹೊರಟವರಲ್ಲಿ ಹೆಚ್ಚಿನವರು ಮರಳಿ ಹಿಡಿಯುತ್ತಾರೆ, ಮತ್ತು ಅದನ್ನು ತಮ್ಮ ದೌರ್ಬಲ್ಯವೆಂದು ತಿಳಿದು ಮತ್ತೆ ಪ್ರಯತ್ನಿಸುವುದನ್ನೇ ಬಿಡುತ್ತಾರೆ. ಅದು ದೌರ್ಬಲ್ಯವಲ್ಲ, ನಿಕೋಟಿನ್ ವ್ಯಸನದ ಸ್ವರೂಪವೇ ಹಾಗಿದೆ. ಬಿಡುವ ದಿನವೊಂದನ್ನು ಎರಡು ವಾರ ಮುಂಚಿತವಾಗಿ ಗೊತ್ತುಮಾಡಿ, ವೈದ್ಯರನ್ನು ಕಂಡು ನಿಕೋಟಿನ್ ಪ್ಯಾಚ್ ಮತ್ತು ಚೂಯಿಂಗ್ ಗಮ್ ಎರಡನ್ನೂ ಒಟ್ಟಿಗೆ ಬಳಸಬಹುದೇ, ಇಲ್ಲವೇ ವ್ಯಾರೆನಿಕ್ಲಿನ್‌ನಂಥ ಮಾತ್ರೆ ತಮಗೆ ಹೊಂದುತ್ತದೆಯೇ ಎಂದು ಕೇಳಿ. ಒಂದೇ ರೂಪದ ನಿಕೋಟಿನ್‌ಗಿಂತ, ಇಡೀ ದಿನ ನಿಧಾನವಾಗಿ ಕೆಲಸ ಮಾಡುವ ಪ್ಯಾಚ್‌ಗೆ ತಕ್ಷಣ ಕೆಲಸ ಮಾಡುವ ಗಮ್ ಸೇರಿದಾಗ ಫಲ ಹೆಚ್ಚು. ಬೆನ್ನುನೋವಿನ ರೋಗಿಗಳಿಗೆ ಇಲ್ಲಿ ಒಂದು ವಿಶೇಷ ತೊಡಕಿದೆ: ರಾತ್ರಿ ನೋವಿನಿಂದ ಎಚ್ಚರವಾದಾಗ, ಬೆಳಿಗ್ಗೆ ಬಿಗಿತ ಬಿಡುವವರೆಗೆ ಕಾಯುವಾಗ ಸೇದುವ ಅಭ್ಯಾಸ ಅನೇಕರಿಗಿರುತ್ತದೆ, ಹಾಗಾಗಿ ನೋವು ಹತೋಟಿಯಲ್ಲಿ ಇಲ್ಲದಿರುವಾಗ ಬಿಡುವ ಪ್ರಯತ್ನ ಸೋಲುವ ಸಂಭವ ಹೆಚ್ಚು. ನೋವಿನ ಚಿಕಿತ್ಸೆಯನ್ನು ಮೊದಲು ಸರಿಪಡಿಸಿಕೊಂಡು, ಆಮೇಲೆ ಬಿಡುವ ದಿನವನ್ನು ಗೊತ್ತುಮಾಡುವುದು ಜಾಣತನ.

ಚಲನೆ

ಬೆನ್ನು ನೋಯುತ್ತಿರುವಾಗ ಮಲಗಬೇಕೆನಿಸುವುದು ದೇಹದ ಸಹಜ ಬಯಕೆ, ಆದರೆ ಈ ಕಾಯಿಲೆಯಲ್ಲಿ ಆ ಬಯಕೆ ದಾರಿ ತಪ್ಪಿಸುತ್ತದೆ. ಅಂತರರಾಷ್ಟ್ರೀಯ ತಜ್ಞರ ಮಾರ್ಗಸೂಚಿಗಳೆಲ್ಲವೂ ವ್ಯಾಯಾಮವನ್ನು ಔಷಧದ ಜೊತೆಗೇ, ಚಿಕಿತ್ಸೆಯ ಮೊದಲ ದಿನದಿಂದಲೇ ಹೇಳುತ್ತವೆ. ಹಗುರವಾದ ಹಿಗ್ಗಿಸುವ ವ್ಯಾಯಾಮಗಳಷ್ಟೇ ಸುರಕ್ಷಿತ, ಏದುಸಿರು ಬರುವಂಥವು ಉರಿಯೂತವನ್ನು ಕೆರಳಿಸುತ್ತವೆ ಎಂಬ ನಂಬಿಕೆ ಬಹಳ ಕಾಲ ಇತ್ತು. ಸ್ಕ್ಯಾಂಡಿನೇವಿಯದ ನಾಲ್ಕು ಕೇಂದ್ರಗಳಲ್ಲಿ 100 ರೋಗಿಗಳ ಮೇಲೆ ನಡೆದ ಪ್ರಯೋಗ ಇದನ್ನು ನೇರವಾಗಿ ಪರೀಕ್ಷಿಸಿತು: ಅರ್ಧ ಮಂದಿ ಮೂರು ತಿಂಗಳ ಕಾಲ ವಾರಕ್ಕೆ ಮೂರು ಸಲ ತೀವ್ರಗತಿಯ ಹೃದಯ ವ್ಯಾಯಾಮ ಮತ್ತು ಸ್ನಾಯುಬಲದ ವ್ಯಾಯಾಮ ಮಾಡಿದರು, ಉಳಿದವರು ಎಂದಿನಂತೆ ಇದ್ದರು. ವ್ಯಾಯಾಮ ಮಾಡಿದ ಗುಂಪಿನಲ್ಲಿ ಕಾಯಿಲೆ ಕೆರಳಲಿಲ್ಲ, ಬದಲಿಗೆ ನೋವು, ಬಿಗಿತ ಮತ್ತು ದಣಿವು ತಗ್ಗಿದವು; ಹೃದಯದ ಸಾಮರ್ಥ್ಯವೂ ಹೆಚ್ಚಿತು. ಈ ಕಾಯಿಲೆಯವರಿಗೆ ಹೃದ್ರೋಗದ ಅಪಾಯ ಸಾಮಾನ್ಯರಿಗಿಂತ ಸ್ವಲ್ಪ ಹೆಚ್ಚೇ ಇರುವುದರಿಂದ ಈ ಎರಡನೆಯ ಲಾಭವೂ ಸಣ್ಣದಲ್ಲ.

ಆರಂಭಿಸುವಾಗ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಮೊದಲ ಎರಡು ಮೂರು ವಾರ ದಿನಕ್ಕೆ 20 ನಿಮಿಷದ ಬಿರುಸು ನಡಿಗೆ ಸಾಕು. ಮಾತನಾಡಬಹುದು, ಹಾಡಲು ಆಗದು ಎನ್ನುವಷ್ಟು ವೇಗವಿರಲಿ. ನಂತರ ವಾರಕ್ಕೆ ಒಟ್ಟು 150 ನಿಮಿಷ ತಲುಪುವವರೆಗೆ ವಾರವಾರವೂ ಸ್ವಲ್ಪ ಸೇರಿಸುತ್ತಾ ಹೋಗಿ. ಈಜು ಬಲ್ಲವರಿಗೆ ಅದು ಬಹಳ ಒಳ್ಳೆಯದು, ಏಕೆಂದರೆ ನೀರು ಭಾರವನ್ನು ಹೊರುತ್ತದೆ ಮತ್ತು ಎದೆಗೂಡು ಹಿಗ್ಗುತ್ತದೆ. ಕುತ್ತಿಗೆ ತಿರುಗಿಸಲು ಕಷ್ಟವಿದ್ದರೆ ಬೆನ್ನಿನ ಮೇಲೆ ಈಜಬಹುದು. ಸೈಕಲ್ ತುಳಿಯುವವರು ಹ್ಯಾಂಡಲನ್ನು ಎತ್ತರಿಸಿಕೊಳ್ಳಬೇಕು, ಬಾಗಿ ತುಳಿಯುವ ಭಂಗಿ ನಮಗೆ ಬೇಡವಾದ ದಿಕ್ಕಿಗೇ ಬೆನ್ನನ್ನು ತಳ್ಳುತ್ತದೆ. ಹಿಮ್ಮಡಿಯ ನೋವಿರುವವರು ಅದು ಹತೋಟಿಗೆ ಬರುವವರೆಗೆ ಓಟ ಮತ್ತು ನೆಗೆತವನ್ನು ಬದಿಗಿಟ್ಟು, ಮೆತ್ತನೆಯ ಅಟ್ಟೆಯ ಪಾದರಕ್ಷೆ ಧರಿಸಬೇಕು. ಸ್ನಾಯುರಜ್ಜು ಎಲುಬಿಗೆ ಅಂಟುವ ಜಾಗವೇ ಈ ಕಾಯಿಲೆಯ ಮುಖ್ಯ ಗುರಿ, ಮತ್ತು ಪದೇಪದೇ ಬೀಳುವ ಪೆಟ್ಟು ಅಲ್ಲಿನ ಉರಿಯೂತವನ್ನು ಹೆಚ್ಚಿಸಬಲ್ಲದು.

ಇದರ ಪಕ್ಕದಲ್ಲಿ, ದಿನವೂ 10ರಿಂದ 15 ನಿಮಿಷ ಬೆನ್ನಿಗೇ ಮೀಸಲಾದ ಚಲನೆಗಳು ಬೇಕು. ಕೈ ಮತ್ತು ಮೊಣಕಾಲುಗಳ ಮೇಲೆ ನಿಂತು ಬೆನ್ನನ್ನು ಮೇಲಕ್ಕೆ ಉಬ್ಬಿಸಿ, ನಂತರ ಕೆಳಕ್ಕೆ ತಗ್ಗಿಸುವುದು; ಬೋರಲು ಮಲಗಿ ಮೊಣಕೈಗಳ ಮೇಲೆ ಭಾರ ಹಾಕಿ ಎದೆಯನ್ನು ಎತ್ತುವುದು; ಒಂದು ಮೊಣಕಾಲನ್ನು ನೆಲಕ್ಕೂರಿ ತೊಡೆಯ ಮುಂಭಾಗವನ್ನು ಹಿಗ್ಗಿಸುವುದು; ಕುಳಿತಲ್ಲೇ ಸೊಂಟವನ್ನು ಅಲುಗಿಸದೆ ದೇಹದ ಮೇಲ್ಭಾಗವನ್ನು ಎಡಕ್ಕೆ ಬಲಕ್ಕೆ ತಿರುಗಿಸುವುದು; ಪಕ್ಕೆಲುಬಿನ ಮೇಲೆ ಅಂಗೈ ಇಟ್ಟು, ಅಂಗೈಯನ್ನು ಹೊರಕ್ಕೆ ತಳ್ಳುವಂತೆ ಆಳವಾಗಿ ಹತ್ತು ಸಲ ಉಸಿರೆಳೆಯುವುದು. ವಾರಕ್ಕೆ ಎರಡು ದಿನ ಬೆನ್ನಿನ, ಹೊಟ್ಟೆಯ ಮತ್ತು ಪೃಷ್ಠದ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವನ್ನೂ ಸೇರಿಸಿ. ಇವನ್ನು ಮೊದಲ ಕೆಲವು ಸಲ ಈ ಕಾಯಿಲೆಯ ಪರಿಚಯವಿರುವ ಫಿಸಿಯೊಥೆರಪಿಸ್ಟ್ ಮುಂದೆ ಮಾಡಿ ತಿದ್ದಿಸಿಕೊಳ್ಳುವುದು ಅಗತ್ಯ, ಏಕೆಂದರೆ ಮೇಲ್ವಿಚಾರಣೆಯಲ್ಲಿ ಕಲಿತವರಿಗೆ ಒಂಟಿಯಾಗಿ ಮನೆಯಲ್ಲಿ ಮಾಡುವವರಿಗಿಂತ ಹೆಚ್ಚು ಲಾಭವಾಗುತ್ತದೆ. ಯಾರಾದರೂ ಕುತ್ತಿಗೆಯನ್ನೋ ಬೆನ್ನನ್ನೋ ಫಟ್ಟನೆ ತಿರುಗಿಸಿ ಲಟಕಿ ತೆಗೆಯುತ್ತೇನೆ ಎಂದರೆ ಒಪ್ಪಬೇಡಿ. ಮೂಳೆ ಟೊಳ್ಳಾಗಿರಬಹುದಾದ, ಅಲ್ಲಲ್ಲಿ ಬೆಸೆದುಕೊಂಡಿರಬಹುದಾದ ಬೆನ್ನಿಗೆ ಅಂಥ ಎಳೆತದಿಂದ ಮುರಿತವೂ ನರಹಾನಿಯೂ ಆಗಬಹುದು.

ಹೊತ್ತಿನ ಆಯ್ಕೆಗೂ ಮಹತ್ವವಿದೆ. ಎದ್ದ ಕೂಡಲೇ ಕಠಿಣ ವ್ಯಾಯಾಮಕ್ಕೆ ಇಳಿಯುವ ಬದಲು, ಬಿಸಿನೀರಿನ ಸ್ನಾನ ಮಾಡಿ, ಹಾಸಿಗೆಯಲ್ಲೋ ನೆಲದಲ್ಲೋ ಹಗುರ ಚಲನೆಗಳನ್ನು ಮಾಡಿ, ಮುಖ್ಯ ವ್ಯಾಯಾಮವನ್ನು ಬಿಗಿತ ಬಿಟ್ಟ ಮೇಲೆ, ಮಧ್ಯಾಹ್ನದ ನಂತರ ಅಥವಾ ಸಂಜೆ ಇಟ್ಟುಕೊಳ್ಳಿ. ಅತಿಯಾಯಿತೇ ಎಂದು ತಿಳಿಯಲು ಒಂದು ಸರಳ ಲೆಕ್ಕ ಹೀಗಿದೆ: ವ್ಯಾಯಾಮದಿಂದ ಹೆಚ್ಚಾದ ನೋವು ಎರಡು ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿದರೆ ಪ್ರಮಾಣ ಸರಿಯಾಗಿದೆ, ಇಳಿಯದಿದ್ದರೆ, ಅಥವಾ ಮರುದಿನ ಬೆಳಗಿನ ಬಿಗಿತ ಎಂದಿಗಿಂತ ಉದ್ದವಾದರೆ, ಮುಂದಿನ ಸಲ ಮೂರರಲ್ಲಿ ಒಂದು ಭಾಗ ಕಡಿಮೆ ಮಾಡಿ. ನೋವು ಉಲ್ಬಣಿಸಿದ ದಿನಗಳಲ್ಲಿ ತೀವ್ರ ವ್ಯಾಯಾಮ ನಿಲ್ಲಿಸಬಹುದು, ಆದರೆ ಉಸಿರಾಟದ ಅಭ್ಯಾಸ ಮತ್ತು ಹಗುರ ಚಲನೆಗಳನ್ನು ಆ ದಿನಗಳಲ್ಲೂ ಬಿಡಬಾರದು. ಔಷಧದಿಂದ ನೋವು ಪೂರ್ತಿ ಹೋದಾಗ ವ್ಯಾಯಾಮ ಕೈಬಿಡುವುದು ನಾನು ಕಂಡಂತೆ ಅತ್ಯಂತ ಸಾಮಾನ್ಯ ತಪ್ಪು. ನೋವಿಲ್ಲದ ಆ ತಿಂಗಳುಗಳೇ ಸ್ನಾಯುಗಳನ್ನು ಬಲಪಡಿಸಿಕೊಳ್ಳಲು ಸಿಗುವ ಸಮಯ.

ಕೂರುವುದು, ದುಡಿಯುವುದು, ಮಲಗುವುದು

ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರಿಗೆ ಯಾವ ಕುರ್ಚಿ ಎಂಬುದಕ್ಕಿಂತ ಎಷ್ಟು ಹೊತ್ತು ಒಂದೇ ಸಮನೆ ಕೂತಿದ್ದೀರಿ ಎಂಬುದು ಮುಖ್ಯ. ಅರ್ಧ ಗಂಟೆಗೊಮ್ಮೆ ಎದ್ದು ಒಂದೆರಡು ನಿಮಿಷ ನಡೆದು, ಸೊಂಟದ ಮೇಲೆ ಕೈಯಿಟ್ಟು ಬೆನ್ನನ್ನು ಹಿಂದಕ್ಕೆ ಬಾಗಿಸಿ ಬನ್ನಿ. ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿರಲಿ. ಭಾರ ಹೊರುವ, ಬಗ್ಗಿ ದುಡಿಯುವ ಕೆಲಸದವರ ಪ್ರಶ್ನೆ ಇದಕ್ಕಿಂತ ಗಂಭೀರವಾದದ್ದು. ನೆದರ್ಲೆಂಡ್ಸ್, ಬೆಲ್ಜಿಯಂ ಮತ್ತು ಫ್ರಾನ್ಸಿನ ರೋಗಿಗಳನ್ನು 12 ವರ್ಷ ಹಿಂಬಾಲಿಸಿದ ಅಧ್ಯಯನವೊಂದರಲ್ಲಿ, ಅಷ್ಟೇ ಪ್ರಮಾಣದ ಉರಿಯೂತವಿದ್ದರೂ ದೈಹಿಕ ಶ್ರಮದ ಕೆಲಸದವರ ಬೆನ್ನೆಲುಬಿಗೆ ಕಚೇರಿ ಕೆಲಸದವರಿಗಿಂತ ಹೆಚ್ಚು ಹಾನಿಯಾಗಿತ್ತು. ಇದರ ಅರ್ಥ ಇಂದೇ ಕೆಲಸ ಬಿಡಬೇಕೆಂದಲ್ಲ. ಅದು ಎಲ್ಲರಿಗೂ ಸಾಧ್ಯವೂ ಇಲ್ಲ. ಉರಿಯೂತ ಹತೋಟಿಯಲ್ಲಿದ್ದರೆ ಶ್ರಮದಿಂದಾಗುವ ಹೆಚ್ಚುವರಿ ಹಾನಿಗೂ ಎಡೆ ಕಡಿಮೆ, ಆದ್ದರಿಂದ ಅಂಥ ಕೆಲಸದವರು ತಮ್ಮ ದುಡಿಮೆಯ ಸ್ವರೂಪವನ್ನು ವೈದ್ಯರಿಗೆ ವಿವರವಾಗಿ ಹೇಳಬೇಕು, ಮತ್ತು ಅವರ ಚಿಕಿತ್ಸೆಯನ್ನು ತಡಮಾಡದೆ ಬಲಪಡಿಸಲು ಇದೂ ಒಂದು ಕಾರಣವಾಗಬೇಕು. ಇಡೀ ದೇಹ ಅದುರುವ ವಾಹನ ಅಥವಾ ಯಂತ್ರದ ಮೇಲಿನ ಪಾಳಿಯನ್ನು ಬದಲಿಸಿಕೊಳ್ಳುವ ಅವಕಾಶವಿದ್ದರೆ ಕೇಳಿ ನೋಡಿ. ಕೆಲಸದ ಶ್ರಮವನ್ನೇ ವ್ಯಾಯಾಮವೆಂದು ಎಣಿಸುವುದು ಸರಿಯಲ್ಲ, ಏಕೆಂದರೆ ಅದು ಕೆಲವು ಭಾಗಗಳನ್ನು ಅತಿಯಾಗಿ ದುಡಿಸಿ ಉಳಿದವನ್ನು ಬಿಗಿಯಾಗಲು ಬಿಡುತ್ತದೆ.

ಮಲಗುವ ಹಾಸಿಗೆ ಕುಸಿಯದಷ್ಟು ಗಟ್ಟಿಯಿರಲಿ; ಹಲಗೆಯಂತಿರಬೇಕಾಗಿಲ್ಲ. ದಿಂಬು ಒಂದೇ, ಅದೂ ತೆಳ್ಳಗಿರಲಿ. ಮಂಡಿಯ ಕೆಳಗೆ ದಿಂಬಿಟ್ಟು ಮಲಗಿದರೆ ಆ ಕ್ಷಣಕ್ಕೆ ಹಿತವೆನಿಸಿದರೂ, ರೂಢಿಯಾದರೆ ಸೊಂಟದ ಮುಂಭಾಗದ ಸ್ನಾಯುಗಳು ಮೊಟಕಾಗಿ ನಿಂತಾಗ ದೇಹ ಮುಂದಕ್ಕೆ ಬಾಗುತ್ತದೆ. ದಿನಕ್ಕೊಮ್ಮೆ 15ರಿಂದ 20 ನಿಮಿಷ ಬೋರಲು ಮಲಗುವುದು ಹಳೆಯ ಸಲಹೆಯಾದರೂ ಇಂದಿಗೂ ಉಪಯುಕ್ತ. ಆರಂಭದಲ್ಲಿ ಐದು ನಿಮಿಷವೂ ಕಷ್ಟವಾದರೆ ಎದೆಯ ಕೆಳಗೆ ತೆಳುವಾದ ದಿಂಬು ಇಟ್ಟುಕೊಳ್ಳಬಹುದು. ರಾತ್ರಿ ನಾಲ್ಕರ ಹೊತ್ತಿಗೆ ನೋವು ಎಬ್ಬಿಸಿದರೆ ಹೊರಳಾಡುತ್ತಾ ಮಲಗಿರುವ ಬದಲು ಎದ್ದು ಐದು ನಿಮಿಷ ನಡೆದು ಬನ್ನಿ, ಬೇಗ ನಿದ್ದೆ ಬರುತ್ತದೆ. ವಾರದಲ್ಲಿ ಮೂರು ನಾಲ್ಕು ರಾತ್ರಿ ಹೀಗಾಗುತ್ತಿದ್ದರೆ ಅದನ್ನು ಸಹಿಸಿಕೊಳ್ಳಬೇಡಿ. ನಿದ್ದೆಗೆಡುವುದು ಮರುದಿನದ ನೋವನ್ನೂ ದಣಿವನ್ನೂ ಹೆಚ್ಚಿಸುತ್ತದೆ, ಮತ್ತು ನೋವಿನ ಮಾತ್ರೆಯ ಹೊತ್ತನ್ನು ರಾತ್ರಿಗೆ ಬದಲಿಸುವಂಥ ಸಣ್ಣ ಬದಲಾವಣೆಯಿಂದಲೇ ವೈದ್ಯರು ಇದನ್ನು ಎಷ್ಟೋ ಸಲ ಸರಿಪಡಿಸಬಲ್ಲರು.

ಮನಸ್ಸಿನ ಮಾತನ್ನೂ ಇಲ್ಲಿಯೇ ಹೇಳಬೇಕು. ಈ ಕಾಯಿಲೆಯವರಲ್ಲಿ ಖಿನ್ನತೆ ಸಾಮಾನ್ಯ ಜನರಿಗಿಂತ ಹೆಚ್ಚು. ಹೊರಗೆ ಆರೋಗ್ಯವಂತರಂತೆ ಕಾಣುವ ಯುವಕ ಯುವತಿಯರು ಬೆಳಿಗ್ಗೆ ಕಾಲುಚೀಲ ಹಾಕಿಕೊಳ್ಳಲು ಹೆಣಗುವುದನ್ನು ಜೊತೆಯವರು ನಂಬುವುದಿಲ್ಲ, ರೋಗನಿರ್ಣಯವಾಗುವುದಕ್ಕೇ ಸರಾಸರಿ ಸುಮಾರು ಏಳು ವರ್ಷ ಹಿಡಿಯುತ್ತದೆ. ಅಷ್ಟು ವರ್ಷ ಸೋಮಾರಿ ಎನಿಸಿಕೊಂಡವರ ಮನಸ್ಸು ಕುಗ್ಗಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಎರಡು ವಾರಕ್ಕೂ ಮೀರಿ ಯಾವುದರಲ್ಲೂ ಆಸಕ್ತಿಯಿಲ್ಲದಂತಾಗಿದ್ದರೆ ನೋವಿನಷ್ಟೇ ಸ್ಪಷ್ಟವಾಗಿ ಅದನ್ನೂ ವೈದ್ಯರಿಗೆ ತಿಳಿಸಿ.

ತೂಕ ಮತ್ತು ಆಹಾರ

ತೂಕ ಹೆಚ್ಚಾದರೆ ಬೆನ್ನಿನ ಮೇಲೆ ಭಾರ ಬೀಳುತ್ತದೆ ಎಂಬುದು ವಿಷಯದ ಅರ್ಧ ಭಾಗ ಮಾತ್ರ. ಹೊಟ್ಟೆಯ ಕೊಬ್ಬು ಉರಿಯೂತವನ್ನು ಪ್ರಚೋದಿಸುವ ರಾಸಾಯನಿಕಗಳನ್ನು ತಾನೇ ಸ್ರವಿಸುತ್ತದೆ. ಸ್ಥೂಲಕಾಯದ ರೋಗಿಗಳಲ್ಲಿ ಕಾಯಿಲೆಯ ತೀವ್ರತೆ ಹೆಚ್ಚಾಗಿರುವುದೂ, ಟಿಎನ್‌ಎಫ್ ಪ್ರತಿಬಂಧಕಗಳಿಗೆ ಸ್ಪಂದನೆ ಕಡಿಮೆಯಾಗಿರುವುದೂ ಸ್ವಿಟ್ಜರ್ಲೆಂಡಿನ ರೋಗಿ ನೋಂದಣಿ ಸೇರಿದಂತೆ ಹಲವೆಡೆ ಕಂಡುಬಂದಿದೆ. ಜೊತೆಗೆ, ಕೊಬ್ಬಿನ ಕಾರಣದಿಂದಲೇ ರಕ್ತದಲ್ಲಿ ಉರಿಯೂತವನ್ನು ಸೂಚಿಸುವ ಸಿಆರ್‌ಪಿ ಎಂಬ ಪ್ರೋಟೀನಿನ ಮಟ್ಟ ಸ್ವಲ್ಪ ಏರಬಹುದಾದ್ದರಿಂದ, ಕಾಯಿಲೆ ಎಷ್ಟು ಸಕ್ರಿಯವಾಗಿದೆ ಎಂದು ಅಳೆಯುವುದೇ ಕಷ್ಟವಾಗುತ್ತದೆ. ಇದೇ ಕುಟುಂಬಕ್ಕೆ ಸೇರಿದ, ಸೋರಿಯಾಸಿಸ್ ಎಂಬ ಚರ್ಮರೋಗದ ಜೊತೆ ಬರುವ ಸೋರಿಯಾಟಿಕ್ ಸಂಧಿವಾತದಲ್ಲಿ, ದೇಹತೂಕದ ಶೇ. 5ರಿಂದ 10ರಷ್ಟು ಇಳಿಸಿಕೊಂಡವರಿಗೆ ಚಿಕಿತ್ಸೆಯ ಫಲ ಚೆನ್ನಾಗಿ ಸಿಕ್ಕಿದೆ. ಆದ್ದರಿಂದ ಸ್ಥೂಲಕಾಯದವರು ಆರು ತಿಂಗಳಲ್ಲಿ ಶೇ. 5 ಇಳಿಸುವ ಗುರಿ ಇಟ್ಟುಕೊಳ್ಳುವುದು ಸಮಂಜಸ. ಅದಕ್ಕಿಂತ ಅವಸರದ ಉಪವಾಸದಿಂದ ಸ್ನಾಯು ಕರಗುತ್ತದೆ, ಸ್ನಾಯು ಕಳೆದುಕೊಳ್ಳುವುದು ಈ ಕಾಯಿಲೆಯವರಿಗೆ ನಷ್ಟವೇ.

ಯಾವ ಆಹಾರ ತಿಂದರೆ ಗುಣವಾಗುತ್ತದೆ ಎಂಬ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಹಲವರಿಗೆ ನಿರಾಸೆ ತರುತ್ತದೆ: ಬೆನ್ನುಮೂಳೆಯ ಈ ಉರಿಯೂತವನ್ನು ನಿಲ್ಲಿಸುತ್ತದೆ ಎಂದು ಸಾಬೀತಾದ ಯಾವ ವಿಶೇಷ ಪಥ್ಯವೂ ಇಲ್ಲ. ಪಿಷ್ಟವನ್ನು ಕಡಿತಗೊಳಿಸಿದರೆ ಕರುಳಿನ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾ ಕಡಿಮೆಯಾಗಿ ಕಾಯಿಲೆ ತಗ್ಗುತ್ತದೆ ಎಂಬ ವಾದ ದಶಕಗಳಿಂದಲೂ ಇದೆ. ಅದನ್ನು ಪಾಲಿಸಿ ಹಿತ ಕಂಡೆವೆನ್ನುವವರೂ ಇದ್ದಾರೆ, ಆದರೆ ಎಲ್ಲರಿಗೂ ಶಿಫಾರಸು ಮಾಡುವಷ್ಟು ಗಟ್ಟಿಯಾದ ಪ್ರಯೋಗಗಳು ಅದರ ಹಿಂದಿಲ್ಲ. ಧಾನ್ಯ, ಹಾಲು, ಹಣ್ಣುಗಳನ್ನು ಒಂದೊಂದಾಗಿ ತೊರೆಯುತ್ತಾ ಹೋಗುವವರು ಕೊನೆಗೆ ಕ್ಯಾಲ್ಸಿಯಂ ಮತ್ತು ಪ್ರೋಟೀನ್ ಕೊರತೆಗೆ ತುತ್ತಾಗುವುದು ನನಗೆ ನಿಜವಾದ ಕಳವಳದ ವಿಷಯ, ಏಕೆಂದರೆ ಈ ಕಾಯಿಲೆಯಲ್ಲಿ ಮೂಳೆಯ ಸಾಂದ್ರತೆ ಆರಂಭದ ವರ್ಷಗಳಲ್ಲೇ ಕುಸಿಯಬಹುದು. ಹೊರಗೆ ಬೇಡದ ಕಡೆ ಎಲುಬು ಬೆಳೆಯುತ್ತಿರುವಾಗಲೇ ಒಳಗಿನ ಮೂಳೆ ಟೊಳ್ಳಾಗುವುದು ಇದರ ವಿಚಿತ್ರ ಲಕ್ಷಣ. ಹೆಚ್ಚಿನ ವಯಸ್ಕರಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು, ಅದು ಆಹಾರದಿಂದಲೇ ಬಂದರೆ ಉತ್ತಮ. ವಿಟಮಿನ್ ಡಿಯನ್ನು ರಕ್ತಪರೀಕ್ಷೆ ಮಾಡಿಸಿ, ಕೊರತೆಯಿದ್ದರೆ ವೈದ್ಯರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಳ್ಳಿ. ಉಳಿದಂತೆ ತರಕಾರಿ, ಹಣ್ಣು, ಕಾಳು, ಇಡಿಯ ಧಾನ್ಯಗಳು ಹೆಚ್ಚಾಗಿ, ಸಕ್ಕರೆ ಮತ್ತು ಕಾರ್ಖಾನೆಯಲ್ಲಿ ಸಂಸ್ಕರಿಸಿದ ತಿನಿಸುಗಳು ಕಡಿಮೆಯಾಗಿ ಇರುವ ಊಟ ಹೃದಯಕ್ಕೂ ತೂಕಕ್ಕೂ ಒಳ್ಳೆಯದು, ಅಷ್ಟು ಸಾಕು.

ಮದ್ಯದ ಬಗ್ಗೆ ಹೇಳಬೇಕಾದದ್ದು ಕಡಿಮೆ. ಅದು ಬೆನ್ನೆಲುಬನ್ನು ನೇರವಾಗಿ ಹಾಳುಮಾಡುತ್ತದೆ ಎನ್ನುವುದಕ್ಕೆ ಸಿಗರೇಟಿಗಿರುವಷ್ಟು ಬಲವಾದ ಆಧಾರವಿಲ್ಲ. ಆದರೆ ಈ ಕಾಯಿಲೆಯ ಮೊದಲ ಸಾಲಿನ ಔಷಧಗಳಾದ ಉರಿಯೂತ ನಿವಾರಕ ನೋವಿನ ಮಾತ್ರೆಗಳ ಜೊತೆ ಮದ್ಯ ಸೇರಿದರೆ ಜಠರದಲ್ಲಿ ಹುಣ್ಣಾಗಿ ರಕ್ತಸ್ರಾವವಾಗುವ ಅಪಾಯ ಹೆಚ್ಚುತ್ತದೆ, ಅಲ್ಲದೆ ಈಗಾಗಲೇ ತುಂಡಾಗಿರುವ ನಿದ್ದೆ ಇನ್ನಷ್ಟು ಕೆಡುತ್ತದೆ.

ಅಭ್ಯಾಸಗಳ ಮಿತಿ ಮತ್ತು ವೈದ್ಯರನ್ನು ಕಾಣಬೇಕಾದ ಹೊತ್ತು

ಮೇಲೆ ಹೇಳಿದ ಎಲ್ಲವನ್ನೂ ಚಾಚೂ ತಪ್ಪದೆ ಪಾಲಿಸಿದರೂ ಕಾಯಿಲೆ ಸಕ್ರಿಯವಾಗಿಯೇ ಉಳಿಯಬಹುದು. ಆಗ ತಪ್ಪು ನಿಮ್ಮದೆಂದು ಭಾವಿಸಬೇಡಿ, ಮತ್ತು ಇನ್ನಷ್ಟು ಕಟ್ಟುನಿಟ್ಟಾದರೆ ಸರಿಹೋದೀತೆಂದು ಔಷಧವನ್ನು ಮುಂದೂಡಬೇಡಿ. ದಿನಚರಿಯ ಬದಲಾವಣೆ ಔಷಧದ ಜೊತೆಗೆ ನಿಲ್ಲುವಂಥದ್ದು, ಅದರ ಸ್ಥಾನದಲ್ಲಿ ನಿಲ್ಲುವಂಥದ್ದಲ್ಲ. ಸಾಮಾನ್ಯವಾಗಿ ಎರಡು ಬಗೆಯ ಉರಿಯೂತ ನಿವಾರಕ ಮಾತ್ರೆಗಳನ್ನು ಪೂರ್ಣ ಪ್ರಮಾಣದಲ್ಲಿ ಎರಡರಿಂದ ನಾಲ್ಕು ವಾರ ಬಳಸಿಯೂ ಫಲ ಕಾಣದಿದ್ದರೆ, ಸಂಧಿವಾತ ತಜ್ಞರು ಜೈವಿಕ ಔಷಧಗಳ ಬಗ್ಗೆ ಯೋಚಿಸುತ್ತಾರೆ. ಈ ಮಾತ್ರೆಗಳನ್ನು ನಿಯಮಿತವಾಗಿ ಸೇವಿಸುವವರು ರಕ್ತದೊತ್ತಡ ಮತ್ತು ಮೂತ್ರಪಿಂಡದ ಪರೀಕ್ಷೆಯನ್ನು ಕಾಲಕಾಲಕ್ಕೆ ಮಾಡಿಸಬೇಕು.

ಭೇಟಿಗೆ ಹೋಗುವಾಗ ನಿಮ್ಮ ಎರಡು ವಾರದ ದಾಖಲೆ, ಮೂರು ತಿಂಗಳ ಅಂತರದ ಅಳತೆಗಳು, ದಿನಕ್ಕೆ ಸೇದುವ ಸಿಗರೇಟಿನ ನಿಜವಾದ ಸಂಖ್ಯೆ ಇವನ್ನು ಬರೆದು ಕೊಂಡೊಯ್ಯಿರಿ. ಚರ್ಮದಲ್ಲಿ ಹೊಟ್ಟು ಏಳುವ ಕೆಂಪು ಮಚ್ಚೆಗಳಿದ್ದರೆ, ವಾರಗಟ್ಟಲೆ ಭೇದಿಯಾಗುತ್ತಿದ್ದರೆ ಅಥವಾ ಮಲದಲ್ಲಿ ರಕ್ತ ಕಂಡಿದ್ದರೆ, ಬೆನ್ನಿಗೆ ಸಂಬಂಧವಿಲ್ಲವೆಂದು ಬಿಡದೆ ಹೇಳಿ, ಏಕೆಂದರೆ ಸೋರಿಯಾಸಿಸ್ ಮತ್ತು ಕರುಳಿನ ಉರಿಯೂತ ಈ ಕಾಯಿಲೆಯ ಜೊತೆ ಬರುತ್ತವೆ ಮತ್ತು ಯಾವ ಔಷಧ ಆರಿಸಬೇಕೆಂಬುದನ್ನೇ ಬದಲಿಸುತ್ತವೆ. ಮೂತ್ರ ಅಥವಾ ಮಲದ ಮೇಲಿನ ಹತೋಟಿ ತಪ್ಪಿದರೆ, ಕಾಲುಗಳಲ್ಲಿ ಬಲ ಕುಂದಿದರೆ, ಬಿದ್ದ ನಂತರ ಬೆನ್ನಿನಲ್ಲೋ ಕುತ್ತಿಗೆಯಲ್ಲೋ ಹೊಸ ನೋವು ಕಾಣಿಸಿಕೊಂಡರೆ ತುರ್ತು ಚಿಕಿತ್ಸೆಗೆ ಹೋಗಬೇಕು. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಜೀವಿತದ ಯಾವುದೋ ಹಂತದಲ್ಲಿ ಕಣ್ಣಿನ ಮಧ್ಯಪದರದ ಉರಿಯೂತ ಬರುತ್ತದೆ: ಒಂದು ಕಣ್ಣು ಕೆಂಪಾಗಿ, ನೋಯುತ್ತಾ, ಬೆಳಕನ್ನು ಸಹಿಸದಂತಾಗಿ, ದೃಷ್ಟಿ ಮಂಜಾಗುತ್ತದೆ. ಅದನ್ನು ಸಾಮಾನ್ಯ ಕಣ್ಣುಬೇನೆಯೆಂದು ಅಂಗಡಿಯ ಹನಿಗಳನ್ನು ಹಾಕಿಕೊಂಡು ಕಾಯದೆ, ಅದೇ ದಿನ ನೇತ್ರತಜ್ಞರ ಬಳಿಗೆ ಹೋಗಿ, ನಿಮಗೆ ಬೆನ್ನುಮೂಳೆಯ ಉರಿಯೂತವಿದೆ ಎಂಬುದನ್ನು ಮೊದಲ ಮಾತಿನಲ್ಲೇ ತಿಳಿಸಿ.